ಮಣ್ಣಿನ ಗೋಡೆ, ಒಣ ಹಳ್ಳ, ಕಾಲುವೆ: ನ್ಯೂ ಮೆಕ್ಸಿಕೋದ ಪದಗಳ ಜೊತೆ ಒಂದು ಸಂಜೆ

(ಕಟ್ಟಡ ಮತ್ತು ಭಾಷೆ ಎರಡರಲ್ಲೂ ಆಸಕ್ತಿ ಇರುವ ಗೆಳೆಯರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಡೋಬಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಫೋಟೋಶಾಪ್, ಪಿಡಿಎಫ್. ಆ ಕಂಪನಿಯನ್ನು 1982ರಲ್ಲಿ ಕಟ್ಟಿದ ಇಬ್ಬರಲ್ಲಿ ಜಾನ್ ವಾರ್ನಾಕ್ ಒಬ್ಬರು. ಕ್ಯಾಲಿಫೋರ್ನಿಯಾದಲ್ಲಿ ಅವರ ಮನೆಯ ಹಿಂದೆ ಅಡೋಬಿ ಕ್ರೀಕ್ ಅನ್ನೋ ತೊರೆ ಇತ್ತು. ಕಂಪನಿಗೆ ಅದೇ ಹೆಸರಾಯಿತು. ಅಡೋಬಿ ಅಂದರೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ, ಅಷ್ಟೇ. ಹಳೇ ಈಜಿಪ್ಟಿನಲ್ಲಿ ಇಟ್ಟಿಗೆಗೆ ಇದ್ದ ಹೆಸರು ಕಾಪ್ಟಿಕ್ ಭಾಷೆಗೆ ಬಂತು. ಅಲ್ಲಿಂದ ಅರಬ್ಬಿಯಲ್ಲಿ 'ತೂಬ್' ಆಯಿತು. ಅರಬರ ಜೊತೆ ಸ್ಪೇನಿಗೆ ಹೋಗಿ, ಸ್ಪೇನಿನವರ ಜೊತೆ ಹಡಗು ಹತ್ತಿ ಮೆಕ್ಸಿಕೋ ದಾಟಿ, ಈಗಿನ ಅಮೆರಿಕದ ನೈರುತ್ಯ ಮೂಲೆಗೆ ಬಂತು.

ಇವತ್ತು ನಾನು ಮಾತಾಡುವುದು ಆ ಮೂಲೆಯ ಬಗ್ಗೆ. ಮುಖ್ಯವಾಗಿ ನ್ಯೂ ಮೆಕ್ಸಿಕೋ ರಾಜ್ಯದ ಉತ್ತರ ಭಾಗ, ಅಂದರೆ ಸಾಂತಾ ಫೆ, ತಾವೋಸ್, ಅಬಿಕ್ಯೂ ಕಡೆ. ಮರುಭೂಮಿ ಅಂದಾಗ ನಮ್ಮ ಕಣ್ಣಿಗೆ ಮರಳು ದಿಬ್ಬ ಬರುತ್ತದೆ, ಅಲ್ವಾ? ಇಲ್ಲಿ ಹಾಗಿಲ್ಲ. ಸಾಂತಾ ಫೆ ಇರುವುದು ಸುಮಾರು 7,000 ಅಡಿ ಎತ್ತರದಲ್ಲಿ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಬೇಸಿಗೆಯಲ್ಲೂ ಹಗಲಿಗೂ ರಾತ್ರಿಗೂ 15 ಡಿಗ್ರಿ ವ್ಯತ್ಯಾಸ ಸಾಮಾನ್ಯ. ವರ್ಷದ ಮಳೆ ಸುಮಾರು 14 ಇಂಚು. ಎರಡು ಅಡಿ ದಪ್ಪದ ಮಣ್ಣಿನ ಗೋಡೆಗೆ ಹೇಳಿ ಮಾಡಿಸಿದ ಜಾಗ. ಹಗಲಿನ ಬಿಸಿ ಒಳಗೆ ಬಂದು ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಆ ಬಿಸಿ ಬೇಕಾಗಿರುತ್ತದೆ.

ಈ ಊರುಗಳಿಗೆ ಹೋದವರು ವಿಗಾ, ಕನಾಲೆ, ಅರೋಯೋ, ಮೇಸಾ ಅಂತ ಒಂದು ರಾಶಿ ಪದ ಕಲಿತು ಬರುತ್ತಾರೆ. ಹೋಟೆಲು, ಬೀದಿ, ಬಡಾವಣೆ ಎಲ್ಲದರ ಮೇಲೂ ಇವೇ ಹೆಸರು. ನನಗೆ ಹೇಳಬೇಕು ಅನ್ನಿಸಿರುವುದು ಇಷ್ಟು: ಇವೆಲ್ಲ ಕೆಲಸದ ಪದಗಳು. ಕೈಗೆ ಮಣ್ಣು ಮೆತ್ತಿಕೊಂಡವರು, ಕಾಲುವೆಯಲ್ಲಿ ಸಲಿಕೆ ಹಿಡಿದವರು ಇಟ್ಟುಕೊಂಡ ಹೆಸರುಗಳು. ಆ ಕೆಲಸ ಇನ್ನೂ ನಡೆಯುತ್ತಿರುವ ಕಡೆ ಪದಕ್ಕೂ ಜೀವ ಇದೆ. ಕೆಲಸ ನಿಂತ ಕಡೆ ಅದು ಬೋರ್ಡಿನ ಮೇಲಿನ ಅಕ್ಷರ ಆಗಿಬಿಟ್ಟಿದೆ.

ಇಟ್ಟಿಗೆಯಿಂದಲೇ ಶುರು ಮಾಡೋಣ. ಸ್ಪೇನಿನವರು ಬರುವ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೋ ಜನ ಮಣ್ಣಿನ ಮನೆ ಕಟ್ಟುತ್ತಿದ್ದರು. ಮಣ್ಣು ಕಲಸಿ, ಕೈಯಿಂದಲೇ ಗೋಡೆಯ ಮೇಲೆ ವರಸೆ ವರಸೆಯಾಗಿ ಇಟ್ಟು, ಒಂದು ವರಸೆ ಒಣಗಿದ ಮೇಲೆ ಇನ್ನೊಂದು. ಸ್ಪೇನಿನವರು ತಂದದ್ದು ಮರದ ಅಚ್ಚು. ಅದಕ್ಕೆ ತಳ ಇಲ್ಲ, ಮೇಲೆ ಮುಚ್ಚಳ ಇಲ್ಲ. ಹುಲ್ಲು ಸೇರಿಸಿ ಕಲಸಿದ ಮಣ್ಣನ್ನು ತುಂಬಿ, ಮೇಲೆ ಸವರಿ, ಅಚ್ಚು ಎತ್ತಿಬಿಡುವುದು. ಕೆಲವು ದಿನ ಒಣಗಿದ ಮೇಲೆ ಇಟ್ಟಿಗೆಯನ್ನು ಮಗ್ಗುಲಿಗೆ ತಿರುಗಿಸಿ ನಿಲ್ಲಿಸುತ್ತಾರೆ. ಈಗ ರೂಢಿಯಲ್ಲಿರುವ ಅಳತೆ 14 ಇಂಚು ಉದ್ದ, 10 ಇಂಚು ಅಗಲ, 4 ಇಂಚು ದಪ್ಪ. ಒಂದೊಂದೂ ಸುಮಾರು 15 ಕೆಜಿ ತೂಗುತ್ತದೆ. ದಿನವಿಡೀ ಎತ್ತಿ ಇಡುವವರ ಸೊಂಟ ಏನಾಗಬೇಡ!

ಮಣ್ಣು ಸರಿ ಇದೆಯೋ ಇಲ್ಲವೋ ನೋಡಲು ಒಂದು ಸುಲಭದ ಉಪಾಯ ಇದೆ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಚೆನ್ನಾಗಿ ಕುಲುಕಿ ಸುಮ್ನೆ ಇಟ್ಟುಬಿಡುವುದು. ಮೊದಲು ಮರಳು ಕೆಳಗೆ ಕೂರುತ್ತದೆ, ಆಮೇಲೆ ಸಣ್ಣ ಪುಡಿ, ಕೊನೆಗೆ ಜೇಡಿ. ಪದರಗಳನ್ನು ನೋಡಿದರೆ ಯಾವುದು ಎಷ್ಟಿದೆ ಗೊತ್ತಾಗುತ್ತದೆ. ಜೇಡಿ ಜಾಸ್ತಿಯಾದರೆ ಇಟ್ಟಿಗೆ ಬಿರಿಯುತ್ತದೆ, ಮರಳು ಜಾಸ್ತಿಯಾದರೆ ಉದುರುತ್ತದೆ. ಅಚ್ಚೇ ಇಲ್ಲದ ಇನ್ನೊಂದು ಇಟ್ಟಿಗೆಯೂ ಉಂಟು. ರಿಯೋ ಗ್ರಾಂಡೆ ನದಿಯ ಜೌಗು ನೆಲದಲ್ಲಿ ಹುಲ್ಲಿನ ಬೇರು ಸಮೇತ ಮಣ್ಣನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದು ಒಣಗಿಸುವುದು. ಅದರ ಹೆಸರು ತೆರ್ರೋನ್, ಅಂದರೆ ಹೆಂಟೆ. ಬೇರುಗಳೇ ಮಣ್ಣನ್ನು ಹಿಡಿದಿಡುತ್ತವೆ.

ಇನ್ನು ಚಾವಣಿ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಗೋಡೆಯಿಂದ ಗೋಡೆಗೆ ಹಾಕುವ ದುಂಡನೆ ಮರದ ತೊಲೆಯೇ ವಿಗಾ. ತೊಗಟೆ ಸುಲಿದ ಪೈನ್ ಮರ. ಅದರ ಮೇಲೆ ಅಡ್ಡಡ್ಡ ಜೋಡಿಸುವ ಸಣ್ಣ ಗಳು ಲತೀಯಾ. ಜುನಿಪರ್ ಮರದ್ದೋ ಆಸ್ಪೆನ್ ಮರದ್ದೋ ಇರುತ್ತದೆ. ಕೆಲವು ಮನೆಯಲ್ಲಿ ಓರೆಯಾಗಿ, ಮೀನಿನ ಮೂಳೆಯ ಥರ ಜೋಡಿಸಿರುತ್ತಾರೆ. ಅದರ ಮೇಲೆ ಕಡ್ಡಿ, ಹುಲ್ಲು. ಎಲ್ಲಕ್ಕೂ ಮೇಲೆ ಅರ್ಧ ಅಡಿಗಿಂತ ಜಾಸ್ತಿ ಮಣ್ಣು. ಬಿಜಾಪುರ, ಬಾಗಲಕೋಟೆ, ಗದಗ ಕಡೆಯ ಮಾಳಿಗೆ ಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಕಟ್ಟಿಗೆ, ಸೊಪ್ಪು, ಮಣ್ಣು. ಮಳೆ ಕಡಿಮೆ, ಬಿಸಿಲು ಜೋರು, ಮರ ಅಪರೂಪ ಇರುವ ಎರಡು ನಾಡುಗಳು ಒಂದನ್ನೊಂದು ಕಾಣದೇ ಒಂದೇ ದಾರಿ ಹಿಡಿದಿವೆ. ನಮ್ಮಲ್ಲಿ ಐದಂಕಣದ ಮನೆ, ಏಳಂಕಣದ ಮನೆ ಅಂತ ಅಂಕಣದ ಲೆಕ್ಕದಲ್ಲಿ ಮನೆಯನ್ನು ಅಳೆಯುತ್ತಿದ್ದರಲ್ಲ. ಹಳೇ ನ್ಯೂ ಮೆಕ್ಸಿಕೋದಲ್ಲಿ ಅಳತೆಗೋಲು ವಿಗಾ. ಸ್ಪೇನಿನ ಆಳ್ವಿಕೆಯ ಕಾಲದ ಉಯಿಲು, ಕ್ರಯಪತ್ರಗಳಲ್ಲಿ ಕೋಣೆಯನ್ನು ಇಷ್ಟು ವಿಗಾದ್ದು ಅಂತ ಬರೆಯುತ್ತಿದ್ದರು. ಮಕ್ಕಳಿಗೆ ಮನೆ ಹಂಚುವಾಗ ಭಾಗವನ್ನು ಹೇಳುತ್ತಿದ್ದದ್ದೂ ವಿಗಾ ಎಣಿಸಿಯೇ.

ಕಾಡಿನಲ್ಲಿ ಎಷ್ಟು ಉದ್ದದ ನೆಟ್ಟನೆ ಮರ ಸಿಗುತ್ತದೋ ಕೋಣೆ ಅಷ್ಟೇ ಅಗಲ. ಸಾಮಾನ್ಯವಾಗಿ 15 ಅಡಿ ಆಸುಪಾಸು. ಹಾಗಾಗಿ ಮನೆ ದೊಡ್ಡದಾಗಬೇಕಾದರೆ ಉದ್ದಕ್ಕೆ ಬೆಳೆಯಬೇಕು. ಮಗನಿಗೆ ಮದುವೆಯಾದರೆ ಸಾಲಿಗೆ ಇನ್ನೊಂದು ಕೋಣೆ. ಸಾಲು ಮೂಲೆಗೆ ತಿರುಗುತ್ತದೆ, ಮತ್ತೆ ತಿರುಗುತ್ತದೆ. ನಾಲ್ಕೂ ಕಡೆ ಮುಚ್ಚಿಕೊಂಡ ಮೇಲೆ ನಡುವೆ ಉಳಿಯುವ ಅಂಗಳ ಪ್ಲಸೀತಾ. ಗಾಡಿ ಒಳಗೆ ಬರಲು ಚಾವಣಿ ಇರುವ ಓಣಿ ಸಗ್ವಾನ್, ಅದಕ್ಕೊಂದು ದೊಡ್ಡ ಬಾಗಿಲು. ಅಂಗಳದ ಸುತ್ತ ಕಂಬ ನಿಲ್ಲಿಸಿ ಮಾಡಿದ ಜಗಲಿ ಪೋರ್ಟಾಲ್. ಕಂಬದ ತಲೆಯ ಮೇಲೆ ಕೆತ್ತಿದ ಬೋದಿಗೆ ಸಪಾತಾ. ಇಷ್ಟೂ ಪದಗಳ ಹಿಂದೆ ಒಂದು ಪೈನ್ ಮರದ ಉದ್ದ ಕೂತಿದೆ!

ವಿಗಾಗೆ ಇನ್ನೊಂದು ಗುಣ ಇದೆ. ಅದು ವರ್ಷ ಎಣಿಸುತ್ತದೆ. ಎ. ಇ. ಡಗ್ಲಸ್ ಅನ್ನುವ ಖಗೋಳ ವಿಜ್ಞಾನಿ ಮರದೊಳಗಿನ ಉಂಗುರಗಳನ್ನು ಓದಲು ಶುರು ಮಾಡಿದರು. ಮಳೆ ಚೆನ್ನಾಗಿ ಬಂದ ವರ್ಷ ದಪ್ಪ ಉಂಗುರ, ಬರದ ವರ್ಷ ತೆಳು. ಇತ್ತೀಚಿನ ಮರಗಳಿಂದ ಹಿಂದಕ್ಕೆ ಹೋಗುವ ಒಂದು ಸಾಲು ಅವರ ಹತ್ತಿರ ಇತ್ತು. ಹಳೇ ಪಾಳುಮನೆಗಳ ತೊಲೆಗಳಿಂದ ಸಿಕ್ಕ ಇನ್ನೊಂದು ಸಾಲೂ ಇತ್ತು. ಎರಡರ ನಡುವೆ ಕೊಂಡಿ ಇರಲಿಲ್ಲ. 1929ರಲ್ಲಿ ಅರಿಜೋನಾದ ಶೋ ಲೋ ಅನ್ನುವ ಊರಲ್ಲಿ ಅರೆಸುಟ್ಟ ಒಂದು ತೊಲೆ ಸಿಕ್ಕಿತು. ಅದರ ಉಂಗುರಗಳು ಎರಡೂ ಸಾಲನ್ನು ಜೋಡಿಸಿದವು. ಅಲ್ಲಿಂದ ಮುಂದೆ ಆ ಭಾಗದ ಹಳೇ ಮನೆಗಳಿಗೆ ಮರ ಕಡಿದ ವರ್ಷವನ್ನೇ ಹೇಳುವುದು ಸಾಧ್ಯವಾಯಿತು.

ನೀರು ಹೋಗುವ ದಾರಿ ಕನಾಲೆ. ಚಾವಣಿಯ ಸುತ್ತ ಮೋಟು ಗೋಡೆ ಇರುತ್ತದಲ್ಲ, ಅದನ್ನು ತೂರಿ ಹೊರಗೆ ಚಾಚಿದ ಮರದ ದೋಣಿ. ನೀರು ಗೋಡೆಗೆ ತಾಗದಂತೆ ದೂರಕ್ಕೆ ಬೀಳಬೇಕು, ಅದೇ ಅದರ ಕೆಲಸ. ತಿಳಿದವರು ಕನಾಲೆಯನ್ನು ಉತ್ತರದ ಗೋಡೆಗೆ ಇಡುವುದಿಲ್ಲ. ಅಲ್ಲಿ ಬಿಸಿಲು ಬೀಳದೆ ಹಿಮ ಗಟ್ಟಿಯಾಗಿ ಬಾಯಿ ಕಟ್ಟಿಕೊಳ್ಳುತ್ತದೆ. ನೀರು ಹಿಂದಕ್ಕೆ ನಿಂತು ಚಾವಣಿಗೆ ಇಳಿಯುತ್ತದೆ.

ಇಲ್ಲಿಗೆ ಬಂದಾಗ ಸಭೆಯಲ್ಲಿ ಒಬ್ಬರು ಕೇಳಿದರು: ಅಷ್ಟಾದರೂ ಮಣ್ಣಲ್ವಾ, ಮಳೆಗೆ ಕರಗುವುದಿಲ್ಲವೇ?

ಕರಗುತ್ತದೆ. ಕರಗುತ್ತದೆ ಅಂತ ಗೊತ್ತಿದ್ದೇ ಕಟ್ಟುವುದು. ಅದಕ್ಕೇ ಗೋಡೆಗೆ ಮಣ್ಣಿನ ಗಿಲಾವು, ಗಿಲಾವು ಸವೆದಂತೆ ಹೊಸ ಗಿಲಾವು. ಈ ಕೆಲಸಕ್ಕೆ ಎನ್‌ಹಾರೆ ಅನ್ನುತ್ತಾರೆ. ಮಾಡುವ ಹೆಂಗಸರು ಎನ್‌ಹರ್ರದೋರಾಗಳು. ಇಟ್ಟಿಗೆ ಹೊರುವುದು, ಗೋಡೆ ಎಬ್ಬಿಸುವುದು ಗಂಡಸರ ಪಾಲಿಗೆ, ಗಿಲಾವು ಮತ್ತು ಒಲೆ ಕಟ್ಟುವುದು ಹೆಂಗಸರ ಪಾಲಿಗೆ. ಒಳಗೋಡೆಗೆ ಹಚ್ಚಲು ಜಿಪ್ಸಂ ಸುಟ್ಟು ಪುಡಿ ಮಾಡಿ ಬಿಳಿ ಬಣ್ಣ ಕಲಸುತ್ತಿದ್ದರು. ಅದರ ಹೆಸರು ಹಾಸ್ಪೆ. ಕುರಿಯ ಚರ್ಮದ ತುಂಡಿನಿಂದ ಬಳಿಯುತ್ತಿದ್ದರು. ಒರಗಿ ಕೂತರೆ ಬೆನ್ನಿಗೆ ಬಿಳಿ ಮೆತ್ತಿಕೊಳ್ಳುತ್ತದೆ ಅಂತ ಗೋಡೆಯ ಕೆಳಭಾಗಕ್ಕೆ ಬಟ್ಟೆ ಹೊಡೆಯುತ್ತಿದ್ದರು. ಅಭ್ರಕ ಸೇರಿದ ಮಣ್ಣು ಸಿಗುವ ಕಡೆ ಆ ಮಣ್ಣನ್ನೇ ಸಾರಿಸುತ್ತಿದ್ದರು. ದೀಪದ ಬೆಳಕಿಗೆ ಗೋಡೆ ಮಿಣಮಿಣ ಹೊಳೆಯುತ್ತಿತ್ತು.

ತಾವೋಸ್ ಹತ್ತಿರ ರಾಂಚೋಸ್ ದೆ ತಾವೋಸ್ ಅನ್ನುವ ಊರಿದೆ. ಅಲ್ಲಿನ ಸಾನ್ ಫ್ರಾನ್ಸಿಸ್ಕೋ ದೆ ಅಸೀಸ್ ಚರ್ಚಿನ ಹಿಂಬದಿಯನ್ನು ನೀವು ಚಿತ್ರದಲ್ಲಿ ನೋಡಿರಬಹುದು. ಕಿಟಕಿ ಇಲ್ಲ, ಅಲಂಕಾರ ಇಲ್ಲ. ದೊಡ್ಡ ದೊಡ್ಡ ಮಣ್ಣಿನ ಆಸರೆ ಗೋಡೆಗಳು ಮಾತ್ರ. ಚಿತ್ರ ಕಲಾವಿದೆ ಜಾರ್ಜಿಯಾ ಓಕೀಫ್ ಅದನ್ನು ಮತ್ತೆ ಮತ್ತೆ ಬಿಡಿಸಿದ್ದಾರೆ. ಈ ಚರ್ಚಿನ ಕಥೆಯನ್ನು ನಾನು ಎಲ್ಲಿ ಮಾತಾಡಿದರೂ ಹೇಳುತ್ತೇನೆ. ವರ್ಷ ವರ್ಷ ಗಿಲಾವು ಮಾಡುವುದು ಕಷ್ಟ ಅಂತ 1967ರಲ್ಲಿ ಗೋಡೆಗಳಿಗೆ ಸಿಮೆಂಟ್ ಗಿಲಾವು ಹೊಡೆದರು. ನೋಡಲು ಗಟ್ಟಿ, ಕೆಲಸ ಮುಗಿದ ಹಾಗೆ. ಆದರೆ ಸಿಮೆಂಟು ಎಲ್ಲೋ ಒಂದು ಕಡೆ ಸಣ್ಣಗೆ ಬಿರಿಯುತ್ತದೆ. ನೀರು ಒಳಗೆ ಹೋಗುತ್ತದೆ, ನೆಲದ ತೇವವೂ ಮೇಲಕ್ಕೆ ಏರುತ್ತದೆ. ಮಣ್ಣಿನ ಗಿಲಾವು ಆ ತೇವವನ್ನು ಹೊರಗೆ ಬಿಡುತ್ತಿತ್ತು, ಸಿಮೆಂಟು ಬಿಡಲಿಲ್ಲ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಇಟ್ಟಿಗೆ ಮತ್ತೆ ಕೆಸರು. ಹಾಳಾಗುತ್ತಿರುವುದು ಕಣ್ಣಿಗೆ ಕಾಣುವುದೂ ಇಲ್ಲ. 1979ರಲ್ಲಿ ಸಿಮೆಂಟನ್ನೆಲ್ಲ ಕಿತ್ತು, ಕೆಟ್ಟ ಇಟ್ಟಿಗೆ ಬದಲಾಯಿಸಿ, ಮತ್ತೆ ಮಣ್ಣಿಗೇ ಬಂದರು.

ಈಗ ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಊರವರು ಸೇರುತ್ತಾರೆ. ಮಣ್ಣು ಜರಡಿ ಹಿಡಿಯುವವರು, ಹುಲ್ಲು ಕಲಸುವವರು, ಬಕೆಟ್ ಎತ್ತಿ ಕೊಡುವವರು, ಅಟ್ಟಣಿಗೆ ಮೇಲೆ ನಿಂತು ಮೆತ್ತುವವರು. ಹುಡುಗರು ಹಿರಿಯರ ಪಕ್ಕದಲ್ಲಿ ನಿಂತು ಕಲಿಯುತ್ತಾರೆ. ಎನ್‌ಹಾರೆ ಅನ್ನುವ ಪದವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಾಂತಾ ಫೆ ನಗರದ ಕಥೆ ಬೇರೆ. 1880ರಲ್ಲಿ ರೈಲು ಬಂದ ಮೇಲೆ ಸುಟ್ಟ ಇಟ್ಟಿಗೆ, ತಗಡು, ಗರಗಸದ ಹಲಗೆ ಬಂದವು. ಮಣ್ಣಿನ ಮನೆ ಬಡತನದ ಗುರುತಾಯಿತು. 1912ರಲ್ಲಿ ನ್ಯೂ ಮೆಕ್ಸಿಕೋ ರಾಜ್ಯವಾದಾಗ ಊರಿನ ಹಿರಿಯರು ತಿರುಗಿ ಯೋಚಿಸಿದರು. ನಮ್ಮ ಊರು ನಮ್ಮ ಊರಿನ ಹಾಗೇ ಕಾಣಬೇಕು ಅಂದರು. 1957ರಲ್ಲಿ ಹಳೇ ಪೇಟೆಯ ಕಟ್ಟಡಗಳು ಹೀಗೇ ಇರಬೇಕು ಅಂತ ಕಾನೂನೇ ಬಂತು. ಅದರಿಂದ ಒಳ್ಳೆಯದಾಗಿದೆ, ಇಲ್ಲ ಅನ್ನಲಾರೆ. ಹಳೇ ಪೇಟೆ ಉಳಿದಿದೆ. ಆದರೆ ಕಾನೂನು ನೋಡುವುದು ಹೊರಗಿನ ರೂಪವನ್ನು. ಹಾಗಾಗಿ ಮರದ ಚೌಕಟ್ಟಿನ ಮನೆಗೆ ಕಂದು ಬಣ್ಣದ ಸಿಮೆಂಟ್ ಗಿಲಾವು ಹೊಡೆದು, ಹೊರಗೋಡೆಗೆ ವಿಗಾದ ತುದಿಗಳನ್ನು ಮಾತ್ರ ಅಂಟಿಸಿದರೂ ನಡೆಯುತ್ತದೆ. ಆ ವಿಗಾ ಏನನ್ನೂ ಹೊರುವುದಿಲ್ಲ. ನಿಜವಾದ ಅಡೋಬಿ ಈಗ ಕೂಲಿಯ ಖರ್ಚಿನಿಂದ ದುಬಾರಿ. ತಲೆತಲಾಂತರದಿಂದ ಅದನ್ನು ಕಟ್ಟಿದ ಮನೆತನಗಳಿಗೇ ಅದು ಕೈಗೆಟುಕದಂತಾಗಿದೆ. ಇದು ನನಗೆ ತುಂಬಾ ನೋವಿನ ಸಂಗತಿ.

ಪದಗಳ ಬಗ್ಗೆ ಮಾತಾಡುವಾಗ ಅವು ಯಾರ ಪದಗಳು ಅಂತಲೂ ಕೇಳಬೇಕು. ಮನೆ ಮಾರುವ ಜಾಹೀರಾತುಗಳಲ್ಲಿ 'ಕೀವಾ ಒಲೆ ಇದೆ' ಅಂತ ಹಾಕುತ್ತಾರೆ. ಮೂಲೆಯಲ್ಲಿ ಗೋಡೆಗೆ ಸೇರಿಸಿ ಕಟ್ಟಿದ ದುಂಡನೆ ಒಲೆ ಅದು. ಸ್ಪ್ಯಾನಿಶ್ ಮಾತಾಡುವವರು ಅದನ್ನು ಕರೆಯುವುದು ಫೋಗೋನ್ ಅಂತ. ಕೀವಾ ಹೋಪಿ ಅನ್ನುವ ಮೂಲನಿವಾಸಿ ಜನರ ಪದ. ಪ್ಯೂಬ್ಲೋ ಜನ ಪೂಜೆ, ಆಚರಣೆಗೆ ಸೇರುವ ಕೋಣೆಗೆ ಆ ಹೆಸರು. ಹೊರಗಿನವರು ಅಲ್ಲಿಗೆ ಹೋಗುವಂತಿಲ್ಲ. ಪವಿತ್ರ ಜಾಗದ ಹೆಸರನ್ನು ಒಲೆಗೆ ಅಂಟಿಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಜೇನುಗೂಡಿನ ಆಕಾರದ ಹೊರಗಿನ ಒಲೆ ಓರ್ನೋ ಇದಕ್ಕೆ ತಿರುಗಾಮುರುಗಾ. ಅದು ಅರಬರಿಂದ ಸ್ಪೇನಿಗೆ, ಸ್ಪೇನಿನಿಂದ ಇಲ್ಲಿಗೆ ಗೋಧಿಯ ಜೊತೆ ಬಂದದ್ದು. ಈಗ ಪ್ಯೂಬ್ಲೋ ಮನೆಗಳ ಅಂಗಳದಲ್ಲೇ ಜಾಸ್ತಿ ಕಾಣುವುದು, ಹಬ್ಬದ ರೊಟ್ಟಿ ಅದರಲ್ಲೇ ಬೇಯುವುದು. ಒಳಗೆ ಬೆಂಕಿ ಹಾಕಿ ಗೋಡೆ ಕಾಯಿಸಿ, ಕೆಂಡ ಹೊರಗೆಳೆದು, ರೊಟ್ಟಿ ಇಟ್ಟು ಬಾಯಿ ಮುಚ್ಚುತ್ತಾರೆ.

ನ್ಯೂ ಮೆಕ್ಸಿಕೋದಲ್ಲಿ 19 ಪ್ಯೂಬ್ಲೋಗಳಿವೆ, ಅಂದರೆ ಪ್ಯೂಬ್ಲೋ ಜನರ ಊರುಗಳು. ತೇವಾ, ತೀವಾ, ತೋವಾ, ಕೆರೆಸ್, ಝೂನಿ ಅಂತ ಬೇರೆ ಬೇರೆ ಮಾತು. ಸಾಂತಾ ಫೆ ಇರುವ ಜಾಗಕ್ಕೆ ತೇವಾ ಜನರಲ್ಲಿ 'ಬಿಳಿ ಚಿಪ್ಪಿನ ನೀರಿನ ಜಾಗ' ಅನ್ನುವ ಹೆಸರಿದೆ. ಸಾನ್ ಹ್ವಾನ್ ಪ್ಯೂಬ್ಲೋದವರು 2005ರಲ್ಲಿ ಸ್ಪ್ಯಾನಿಶ್ ಹೆಸರು ಬಿಟ್ಟು ತಮ್ಮ ಹಳೇ ಹೆಸರು ಓಕೇ ಒವಿಂಗೆ ಅನ್ನುವುದಕ್ಕೆ ಮರಳಿದರು. ತಾವೋಸ್ ಪ್ಯೂಬ್ಲೋದ ಮಹಡಿ ಮೇಲೆ ಮಹಡಿಯ ಮಣ್ಣಿನ ಮನೆಗಳು 1992ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಅಲ್ಲಿನವರು ತಮ್ಮ ತೀವಾ ಮಾತನ್ನು ಬರಹಕ್ಕೆ ಇಳಿಸುವುದಿಲ್ಲ. ಅದು ಅವರ ತೀರ್ಮಾನ. ಹಾಗಾಗಿ ನಾನು ಇವತ್ತು ಹೇಳುತ್ತಿರುವ ಪಟ್ಟಿಯಲ್ಲಿ ಅವರ ಮನೆಯ ಪದಗಳಿಲ್ಲ, ಇರಲೂಬಾರದು.

ಹೊರಗಿನ ನೆಲಕ್ಕೆ ಬರೋಣ. ಮೇಸಾ ಅಂದರೆ ಮೇಜು, ತಲೆ ಚಪ್ಪಟೆಯಾದ ಗುಡ್ಡ. ಮೇಸಾದ ಅಂಚು ಸೇಹಾ, ಅಂದರೆ ಹುಬ್ಬು. ಬೆಟ್ಟದ ಸಾಲು ಸಿಯೆರ್ರಾ, ಅಂದರೆ ಗರಗಸ. ಆಲ್ಬುಕರ್ಕಿ ಪಕ್ಕದ ಬೆಟ್ಟ ಸಾಂದಿಯಾ, ಅಂದರೆ ಕಲ್ಲಂಗಡಿ. ಸಂಜೆ ಅದರ ಬಣ್ಣ ನೋಡಿದವರು ಯಾಕೆ ಅಂತ ಕೇಳುವುದಿಲ್ಲ. ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ನೆಲ ಮಾಲ್‌ಪಾಯಿಸ್, ಕೆಟ್ಟ ಸೀಮೆ. ನದಿ ದಡದ ಕಾಟನ್‌ವುಡ್ ಮರಗಳ ಕಾಡು ಬೋಸ್ಕೆ.

ಅರೋಯೋ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಸ್ಪೇನಿನಲ್ಲಿ ಅರೋಯೋ ಅಂದರೆ ಹರಿಯುವ ತೊರೆ. ಇಲ್ಲಿ ಅದು ಒಣ ಹಳ್ಳ. ವರ್ಷದ ಬಹುಪಾಲು ದಿನ ಮರಳು, ಕಲ್ಲು, ನಾಯಿ ಕರೆದುಕೊಂಡು ಅಡ್ಡಾಡುವವರು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಗುಡುಗು ಮಳೆ ಶುರುವಾಗುತ್ತದೆ. ಅಲ್ಲಿನವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಕೆಲವು ಸಲ ಮೋಡದಿಂದ ಇಳಿದ ಮಳೆ ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಆರಿಹೋಗುತ್ತದೆ. ಇನ್ನು ಕೆಲವು ಸಲ ಎಲ್ಲೋ ಮೈಲಿಗಟ್ಟಲೆ ದೂರದ ಬೆಟ್ಟದಲ್ಲಿ ಜೋರಾಗಿ ಹೊಯ್ದು, ನಮ್ಮ ತಲೆ ಮೇಲೆ ಬಿಸಿಲಿರುವಾಗಲೇ ಅರೋಯೋದಲ್ಲಿ ಕೆಂಪು ನೀರು ಮರದ ದಿಮ್ಮಿ ಸಮೇತ ನುಗ್ಗುತ್ತದೆ. ಅರೋಯೋದಲ್ಲಿ ಕಾರು ನಿಲ್ಲಿಸಬೇಡ, ಡೇರೆ ಹಾಕಬೇಡ ಅಂತ ಅಲ್ಲಿ ಮಕ್ಕಳಿಗೂ ಗೊತ್ತು.

ಕೊನೆಯದು ಅಸೇಕಿಯಾ. ಇದೂ ಅರಬ್ಬಿಯಿಂದ ಬಂದ ಪದ, ಊರಿನ ಕಾಲುವೆ. ಆದರೆ ಕಾಲುವೆಗೂ ಅದೇ ಹೆಸರು, ಅದನ್ನು ನಡೆಸುವ ಸಂಘಕ್ಕೂ ಅದೇ ಹೆಸರು. ನದಿಗೆ ಅಡ್ಡ ಕಟ್ಟಿದ ಒಡ್ಡು ಪ್ರೆಸಾ. ಮುಖ್ಯ ಕಾಲುವೆ ಅಸೇಕಿಯಾ ಮಾದ್ರೆ, ತಾಯಿ ಕಾಲುವೆ. ತೂಬು ಕೊಂಪ್ವೆರ್ತಾ. ಹೊಲಕ್ಕೆ ಹೋಗುವ ಸಣ್ಣ ಕವಲು ಸಾಂಗ್ರಿಯಾ, ರಕ್ತ ತೆಗೆಯುವುದು ಅನ್ನುವ ಅರ್ಥದ್ದು. ಉಳಿದ ನೀರು ನದಿಗೆ ಮರಳುವ ದಾರಿ ದೆಸಾಗ್ವೆ. ಪಾಲುದಾರ ರೈತರು ಪಾರ್ಸಿಯಾಂತೆಗಳು. ಯಾರಿಗೆ ಯಾವಾಗ ಎಷ್ಟು ನೀರು ಅಂತ ಹೇಳುವವರು ಮಯೋರ್ದೋಮೋ, ಅವರನ್ನು ಪಾಲುದಾರರೇ ಆರಿಸುತ್ತಾರೆ. ಇಂಥ ಸುಮಾರು 700 ಅಸೇಕಿಯಾಗಳು ರಾಜ್ಯದಲ್ಲಿ ಇವತ್ತೂ ನಡೆಯುತ್ತಿವೆ.

ವಸಂತದಲ್ಲಿ, ಹಿಮ ಕರಗಿ ನೀರು ಬರುವ ಮೊದಲು, ಕಾಲುವೆಯ ಹೂಳು ತೆಗೆಯುವ ಕೆಲಸ ಲಿಂಪಿಯಾ. ಪ್ರತಿ ಪಾಲುದಾರನೂ ಬರಬೇಕು, ಇಲ್ಲವೇ ಆಳು ಕಳಿಸಬೇಕು. ಎಲ್ಲರೂ ಸಲಿಕೆ ಹಿಡಿದು ಕಾಲುವೆಯೊಳಗೆ ಸಾಲಾಗಿ ನಿಲ್ಲುತ್ತಾರೆ. ಮಯೋರ್ದೋಮೋ ಕೋಲಿನಿಂದ ಅಳೆದು ಒಬ್ಬೊಬ್ಬರಿಗೆ ಒಂದೊಂದು ತುಂಡು ಗುರುತು ಮಾಡುತ್ತಾರೆ. ತಳ ಕೆರೆಯಬೇಕು, ಪಕ್ಕದ ಪೊದೆ ಸವರಬೇಕು. ತುಂಡು ಮುಗಿದಾಗ 'ವ್ವೆಲ್ತಾ' ಅಂತ ಕೂಗು ಬೀಳುತ್ತದೆ, ಸಾಲಿನವರು ಮುಂದಿನ ತುಂಡಿಗೆ ಸರಿಯುತ್ತಾರೆ. ಹೀಗೆ ಇಡೀ ಕಾಲುವೆ.

ಈ ನೀರಿಗೆ ಈಗ ದೊಡ್ಡ ಬೆಲೆ. ರಾಜ್ಯದ ಕಾನೂನಿನಲ್ಲಿ ನೀರಿನ ಹಕ್ಕನ್ನು ಜಮೀನಿನಿಂದ ಬಿಡಿಸಿ ಮಾರಬಹುದು. ಒಬ್ಬ ರೈತ ತನ್ನ ಪಾಲು ನಗರಕ್ಕೆ ಮಾರಿದರೆ ಕಾಲುವೆಯಲ್ಲಿ ನೀರು ಕಡಿಮೆ, ಲಿಂಪಿಯಾಗೆ ಒಂದು ಸಲಿಕೆ ಕಡಿಮೆ. ಹತ್ತು ಜನ ಮಾರಿದರೆ ಉಳಿದವರಿಂದ ಕಾಲುವೆ ನಡೆಸಲು ಆಗುವುದಿಲ್ಲ. ಅಸೇಕಿಯಾದವರು ಹೋರಾಡಿ 2003ರಲ್ಲಿ ಒಂದು ಕಾನೂನು ಮಾಡಿಸಿಕೊಂಡರು. ಅದರ ಪ್ರಕಾರ, ನೀರು ಹೊರಗೆ ಹೋದರೆ ಅಸೇಕಿಯಾಗೆ ತೊಂದರೆ ಅಂತ ಕಂಡರೆ ಸಂಘ ಬೇಡ ಅನ್ನಬಹುದು.

2022ರ ಏಪ್ರಿಲ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕಾಡಿನ ಒಣ ಕಡ್ಡಿ ಕಸ ಕಡಿಮೆ ಮಾಡಲು ಅಮೆರಿಕದ ಅರಣ್ಯ ಇಲಾಖೆ ತಾನೇ ಹಚ್ಚಿದ ಎರಡು ಬೆಂಕಿಗಳು ಕೈಮೀರಿ ಒಂದಾದವು. ಹರ್ಮಿಟ್ಸ್ ಪೀಕ್, ಕಾಫ್ ಕ್ಯಾನಿಯನ್ ಬೆಂಕಿ ಅಂತ ಅದರ ಹೆಸರು. ಮೋರಾ, ಸಾನ್ ಮಿಗೆಲ್ ಕಡೆ 3.4 ಲಕ್ಷ ಎಕರೆ ಸುಟ್ಟಿತು, ಆ ರಾಜ್ಯದ ದಾಖಲೆಯಲ್ಲೇ ಅತಿ ದೊಡ್ಡದು. ಅದರ ಬೆನ್ನಿಗೇ ಮಾನ್ಸೂನ್ ಬಂತು. ಬೋಳಾದ ಬೆಟ್ಟದಿಂದ ಬೂದಿ, ಕೆಸರು, ದಿಮ್ಮಿ ಇಳಿದು ಅಸೇಕಿಯಾಗಳನ್ನು ತುಂಬಿದವು. ಕೊಂಪ್ವೆರ್ತಾಗಳು ಹೂತುಹೋದವು, ಪ್ರೆಸಾಗಳು ಕೊಚ್ಚಿಹೋದವು. ಅದು ಸಲಿಕೆಯಿಂದ ಆಗುವ ಕೆಲಸವಲ್ಲ. ಯಂತ್ರ ಬೇಕು, ಸರಕಾರದ ದುಡ್ಡು ಬೇಕು. ಅದೇ ವರ್ಷ ಪರಿಹಾರದ ಕಾನೂನೂ ಆಯಿತು. ಆದರೆ ಯಾವ ಒಡ್ಡು ಎಲ್ಲಿತ್ತು, ಯಾವ ತೂಬಿನಿಂದ ಯಾರ ಹೊಲಕ್ಕೆ ನೀರು ಹೋಗುತ್ತಿತ್ತು, ದೆಸಾಗ್ವೆ ನದಿಗೆ ಸೇರುತ್ತಿದ್ದದ್ದು ಎಲ್ಲಿ, ಇದನ್ನು ಅಧಿಕಾರಿಗಳ ಮುಂದೆ ನಿಂತು ಜಾಗ ತೋರಿಸಿ ಹೇಳಬೇಕಾದವರು ಆ ಊರಿನ ಮಯೋರ್ದೋಮೋಗಳು ಮತ್ತು ಪಾರ್ಸಿಯಾಂತೆಗಳೇ.